ಎಡಗೈಯ ವಿಭೂತಿ

ಲೇಥ್ ತಿರುಗುತ್ತಿರುವಾಗ ನಾನು ಫೋನ್ ಎತ್ತುವುದಿಲ್ಲ. ಹಾಗೆ ಎತ್ತಲು ಹೋಗಿ ಬೆರಳು ಕಳೆದುಕೊಂಡವರನ್ನು ನೋಡಿದ್ದೇನೆ. ಆದರೆ ಆ ಶುಕ್ರವಾರ ಮಚ್ಛೆಯ ಕಾರ್ಖಾನೆಯಲ್ಲಿ ನಿಂತಿದ್ದಾಗ ಫೋನು ಜೇಬಿನಲ್ಲಿ ಬಡಿದುಕೊಳ್ಳುತ್ತಲೇ ಇತ್ತು. ಮಷೀನು ನಿಲ್ಲಿಸಿ ನೋಡಿದರೆ ವೈನಿ. ನನ್ನ ಅಣ್ಣನ ಹೆಂಡತಿ. ಖಾನಾಪುರದ ಮನೆಯಲ್ಲಿ ಅವರಿಬ್ಬರೇ ಇರುತ್ತಾರೆ, ಮಕ್ಕಳಾಗಲಿಲ್ಲ.

"ಗಾಡಿ ಚಾಲೂ ಆಗವಲ್ದು," ಎಂದರು ದನಿ ತಗ್ಗಿಸಿ. "ಮಿಸ್ತ್ರಿ ಬಂದು ನೋಡಿದ್ರು. ಪಂಪ್ ಹೋಗೈತಿ, ಬಿಚ್ಚಿ ಬೆಳಗಾವಿಗೆ ಒಯ್ಯಬೇಕು ಅಂದ್ರು. ರವಿವಾರ ನಂದಗಡದವರು ಬರ್ತಾರ. ಚಾಲೂ ಇದ್ರ ಅಷ್ಟ ತಗೋತೀನಿ ಅಂದಾರ. ನೀವ ಬಂದು ಒಮ್ಮೆ ನೋಡ್ರಿ."

"ಅಣ್ಣ ಏನಂತಾನ?" ಎಂದು ಕೇಳಿದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಅವರೇನಂತಾರ್ರಿ," ಎಂದು ವೈನಿ ಫೋನ್ ಇಟ್ಟರು.

ಅಣ್ಣನಿಗೆ ಲಕ್ವಾ ಹೊಡೆದದ್ದು ಬೇಸಿಗೆಯಲ್ಲಿ. ಹಂಚಿನ ಭಟ್ಟಿಯ ಮುಂದೆ ಗಾಡಿಗೆ ಹಂಚು ತುಂಬಿಸುತ್ತ ನಿಂತವನು ನಿಂತಲ್ಲೇ ಕುಸಿದ. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೇ ಹೋದವು. ಕಾಲು ಅರ್ಧ ಮರಳಿ ಬಂತು, ಕೈ ಬರಲಿಲ್ಲ. ಮಾತಿನಲ್ಲಿ ಒಂದೇ ಒಂದು ಉಳಿಯಿತು: "ಬರ್ಲಿ." ಗಾಡಿ ಹಿಂದಕ್ಕೆ ತೆಗೆಯುವಾಗ ಹಿಂದೆ ನಿಂತವನು ಡ್ರೈವರನಿಗೆ ಕೂಗುವ ಮಾತದು, ಬರ್ಲಿ, ಬರ್ಲಿ. ಜೀವನವಿಡೀ ತನ್ನ ಟೆಂಪೋದಲ್ಲಿ ಇಟ್ಟಂಗಿ ಹಂಚು ಹೊತ್ತು ಖಾನಾಪುರ ಬೆಳಗಾವಿ ಮಾಡಿದವನ ತಲೆಯಲ್ಲಿ ಅದೊಂದು ಹೇಗೋ ಅಂಟಿಕೊಂಡು ಉಳಿದಿತ್ತು. ನೀರು ಬೇಕಾದರೂ ಬರ್ಲಿ, ನೊಣ ಕೂತರೂ ಬರ್ಲಿ, ಸಿಟ್ಟು ಬಂದರೂ ಬರ್ಲಿ.

ಇವರಿಗೆ ಎಲ್ಲ ತಿಳಿಯುತ್ತದೆ, ಹೇಳಲು ಮಾತ್ರ ಬರುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಎಲ್ಲರೂ ತಲೆ ಅಲ್ಲಾಡಿಸಿದರು, ಯಾರೂ ನಂಬಲಿಲ್ಲ. ನೋಡಲು ಬಂದವರು ಅವನ ಕಾಟಿನ ಪಕ್ಕದಲ್ಲೇ ಕುಳಿತು, ಅವನ ಚಹಾ ಆರುತ್ತಿರುವಾಗಲೇ, ಅವನು ಇನ್ನೆಷ್ಟು ದಿನ ಹೀಗೆ ಎಂದು ಮಾತಾಡಿ ಎದ್ದು ಹೋಗುತ್ತಿದ್ದರು. ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಾಗಂತ ನಾನು ಭಾರಿ ಶಾಣ್ಯಾ ಏನಲ್ಲ. ನಾನೂ ಹೋದಾಗಲೆಲ್ಲ ಅವನು ಕಿವುಡನೋ ಎಂಬಂತೆ ದೊಡ್ಡ ದನಿಯಲ್ಲಿ "ಆರಾಮ?" ಎಂದು ಕೇಳಿ ಹೆಗಲು ತಟ್ಟಿ ಬರುತ್ತಿದ್ದೆ. ವೈನಿ ಮೊದಮೊದಲು ಎಲ್ಲವನ್ನೂ ಅವನಿಗೆ ಹೇಳುತ್ತಿದ್ದರು. ಅವನು ಬರ್ಲಿ ಬರ್ಲಿ ಎಂದು ಒದ್ದಾಡಿ ಕೊನೆಗೆ ಅಳುವುದನ್ನು ನೋಡಿ ನೋಡಿ, ಬರಬರುತ್ತ ಅಡುಗೆಮನೆಯಲ್ಲಿ ಪಿಸುಗುಟ್ಟುವುದನ್ನು ಕಲಿತರು.

ಗಾಡಿ ಮಾರುವುದೆಂದು ನಿಶ್ಚಯವಾದದ್ದೂ ಅಡುಗೆಮನೆಯಲ್ಲೇ. ಮನೆಯ ಬಚ್ಚಲು ಹಿತ್ತಲಲ್ಲಿ, ಮೆಟ್ಟಿಲು ಇಳಿದು ಹೋಗಬೇಕು. ಅಲ್ಲಿ ಅಣ್ಣ ಬಿದ್ದಿದ್ದ, ಅವನನ್ನು ಎತ್ತಲು ಹೋಗಿ ವೈನಿಯ ಸೊಂಟ ಹಿಡಿದುಕೊಂಡಿತ್ತು. ಮನೆಗೆ ಹೊಂದಿಕೊಂಡ, ನೆಲಕ್ಕೆ ಸಮನಾದ ಜಾಗ ಎಂದರೆ ಗಾಡಿ ನಿಲ್ಲುವ ತಗಡಿನ ಶೆಡ್ ಒಂದೇ. ಗಾಡಿ ಹೋದರೆ ಅಲ್ಲಿ ಬಚ್ಚಲು ಕಟ್ಟಬಹುದು. ಗೌಂಡಿಯೂ ಬಂದು ಅಳತೆ ತೆಗೆದುಕೊಂಡು ಹೋಗಿದ್ದ. ಅವನು ಟೇಪು ಹಿಡಿದು ಗಾಡಿಯ ಸುತ್ತ ಓಡಾಡುವಾಗ ಅಣ್ಣ ಕಿಟಕಿಯಿಂದ ನೋಡುತ್ತಿದ್ದ. ಏನು, ಯಾಕೆ ಎಂದು ಯಾರೂ ಅವನಿಗೆ ಹೇಳಲಿಲ್ಲ.

ಆ ಗಾಡಿಯ ಸುತ್ತ ಅಣ್ಣ ಮತ್ತೆ ನಡೆಯಲು ಕಲಿತಿದ್ದ. ದಿನಾ ಬೆಳಿಗ್ಗೆ ನಡೆಸಿ ಎಂದು ವ್ಯಾಯಾಮ ಹೇಳಿಕೊಡುವವರು ಹೇಳಿದ್ದರು. ಕೋಲು ಕೊಟ್ಟರೆ ಒಗೆಯುತ್ತಿದ್ದ. ವೈನಿ ಹೆಗಲು ಕೊಟ್ಟರೆ ನಾಚುತ್ತಿದ್ದ. ಒಂದು ದಿನ ತಾನೇ ಎದ್ದು ಶೆಡ್ಡಿಗೆ ಹೋಗಿ ಗಾಡಿಯ ಬಾಡಿ ಹಿಡಿದುಕೊಂಡು ಸುತ್ತು ಹಾಕಿದನಂತೆ. ಅಂದಿನಿಂದ ಅದೇ ರೂಢಿ. ಇರುವುದು ಎಡಗೈ ಒಂದೇ, ಹಾಗಾಗಿ ಗಾಡಿಯನ್ನು ಎಡಕ್ಕೆ ಇಟ್ಟುಕೊಂಡೇ ಸುತ್ತಬೇಕು. ಗುಡಿ ಸುತ್ತುವ ದಿಕ್ಕಿಗೆ ಅದು ತಿರುವುಮುರುವು ಎಂದು ವೈನಿಗೆ ಕಸಿವಿಸಿ. ಗಾಡಿಯಿಂದ ಹೊರಚಾಚಿದ ಕನ್ನಡಿಯ ಹತ್ತಿರ ಬಂದಾಗ, ಅದು ತಾಗದಂತೆ ತಲೆ ಆಚೆ ವಾಲಿಸಿ ದಾಟುತ್ತಿದ್ದ. ಇದನ್ನೆಲ್ಲ ನಾನೂ ನೋಡಿದ್ದೆ, ಒಳ್ಳೆಯದಾಯಿತು ಅಂದುಕೊಂಡಿದ್ದೆ, ಅಷ್ಟೇ.

ಶನಿವಾರ ರಜೆ ಹಾಕಿ ಪಾನಾಗಳ ಪೆಟ್ಟಿಗೆಯನ್ನು ಸ್ಕೂಟರಿಗೆ ಕಟ್ಟಿಕೊಂಡು ಅನಗೋಳದ ನನ್ನ ಮನೆಯಿಂದ ಹೊರಟೆ. ದೀಪಾವಳಿ ಮುಗಿದಿತ್ತು. ದಾರಿಯುದ್ದಕ್ಕೂ ಮಂಜು, ಎದುರಿಗೆ ಬರುವ ಲಾರಿಗಳ ದೀಪ ಮಾತ್ರ ಕಾಣುತ್ತಿತ್ತು. ಖಾನಾಪುರ ಮುಟ್ಟಿದಾಗಲೂ ಬಿಸಿಲು ಬಿದ್ದಿರಲಿಲ್ಲ. ಶೆಡ್ಡಿನಲ್ಲಿ ಗಾಡಿ ಧೂಳು ಹೊದ್ದು ನಿಂತಿತ್ತು. ಆ ಸಲ ದಸರಾದ ಖಂಡೇಪೂಜೆಗೂ ಅದನ್ನು ಯಾರೂ ತೊಳೆದಿರಲಿಲ್ಲ. ಬಾಡಿಯ ಮೇಲೆ ಸುತ್ತಲೂ, ಸೊಂಟದೆತ್ತರದಲ್ಲಿ, ಅಣ್ಣನ ಅಂಗೈ ಸವರಿದಷ್ಟು ಪಟ್ಟೆ ಮಾತ್ರ ಹೊಳೆಯುತ್ತಿತ್ತು.

ಅಣ್ಣ ಒಳಗೆ ಕಿಟಕಿಯ ಪಕ್ಕದ ಕಾಟಿನ ಮೇಲೆ ಕುಳಿತಿದ್ದ. ನನ್ನ ಕೈಯ ಪೆಟ್ಟಿಗೆ ನೋಡಿದ, ನನ್ನ ಮುಖ ನೋಡಲಿಲ್ಲ. "ಆರಾಮ?" ಎಂದು ಕೂಗಿ ನಾನು ಕೆಲಸಕ್ಕೆ ಇಳಿದೆ.

ಹಳೆಯ ಡೀಸೆಲ್ ಗಾಡಿ ಚಾಲೂ ಆಗದಿದ್ದರೆ ಅದರಲ್ಲಿ ದೊಡ್ಡ ರಹಸ್ಯವೇನೂ ಇರುವುದಿಲ್ಲ. ಇಂಜಿನ್ ತಿರುಗಬೇಕು, ಅದಕ್ಕೆ ಡೀಸೆಲ್ ಮುಟ್ಟಬೇಕು. ಎರಡರಲ್ಲಿ ಯಾವುದು ಮುನಿಸಿಕೊಂಡಿದೆ ಎಂದು ಹುಡುಕಿದರೆ ಆಯಿತು. ಮಿಸ್ತ್ರಿ ಬ್ಯಾಟರಿ ಚಾರ್ಜ್ ಮಾಡಿಸಿ ಕೂರಿಸಿದ್ದ. ವೈನಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, "ಸೆಲ್ಫ್ ಹೊಡೀರಿ," ಎಂದೆ. ಅವರು ಸೆರಗು ಸಿಕ್ಕಿಸಿಕೊಂಡು, ಸುಡುವ ಪಾತ್ರೆ ಮುಟ್ಟಿದಂತೆ ಕೀಲಿ ತಿರುವಿದರು. ಇಂಜಿನ್ ಗಟ್ಟಿಯಾಗಿಯೇ ತಿರುಗಿತು. ಆದರೆ ಸೈಲೆನ್ಸರಿನಿಂದ ಒಂದು ಎಳೆ ಹೊಗೆಯೂ ಬರಲಿಲ್ಲ. ಡೀಸೆಲ್ ಹೋಗಿ ಉರಿಯದಿದ್ದರೆ ಬಿಳಿ ಹೊಗೆಯಾದರೂ ಬರಬೇಕು. ಹೊಗೆಯೇ ಇಲ್ಲವೆಂದರೆ ಡೀಸೆಲ್ಲೇ ಹೋಗುತ್ತಿಲ್ಲ.

ಒಳಗಿನಿಂದ "ಬರ್ಲಿ, ಬರ್ಲಿ, ಬರ್ಲಿ" ಎಂದು ಕೇಳಿಸಿತು.

"ಸಿಟ್ಟಾಗ್ಯಾರ," ಎಂದರು ವೈನಿ. "ಗಾಡಿ ಸಪ್ಪಳಾದ್ರ ಹಿಂಗ ಮಾಡ್ತಾರ. ನೀವು ನಡಸ್ರಿ."

ಟ್ಯಾಂಕಿನಲ್ಲಿ ಡೀಸೆಲ್ ಇತ್ತು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದೆ. ಒಂದು ಗುಳ್ಳೆಯೂ ಇಲ್ಲದೆ ಡೀಸೆಲ್ ಹೊರಬಂತು. ಅಂದರೆ ಗಾಳಿ ಹಿಡಿದಿಲ್ಲ, ಫಿಲ್ಟರಿನವರೆಗೆ ಎಲ್ಲ ಸರಿ. ಇನ್ನು ಮುಂದೆ ಪಂಪು. ಅದರಿಂದ ಇಂಜಿನ್ನಿಗೆ ಹೋಗುವ ಒಂದು ಪೈಪಿನ ನಟ್ಟು ಸಡಿಲಿಸಿ ಮತ್ತೆ ಸೆಲ್ಫ್ ಹೊಡೆಸಿದೆ. ಅಲ್ಲಿ ಒಣಗಿದ ಬಾವಿ. ಪಂಪಿಗೆ ಬರುತ್ತಿದೆ, ಪಂಪಿನಿಂದ ಹೋಗುತ್ತಿಲ್ಲ. ಪಂಪ್ ಹೋಗಿದೆ ಎಂದು ಮಿಸ್ತ್ರಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಟ್ಟು ಬಿಗಿದು, ಬಿಚ್ಚಲು ಪಾನಾ ಆರಿಸುತ್ತ ಕುಳಿತೆ.

ಆದರೂ ಮನಸ್ಸು ಒಪ್ಪಲಿಲ್ಲ. ಪಂಪು ಒಂದೇ ದಿನಕ್ಕೆ ಸಾಯುವುದಿಲ್ಲ. ಮೊದಲು ಚಾಲೂ ಆಗಲು ಹೊತ್ತು ತೆಗೆದುಕೊಳ್ಳುತ್ತದೆ, ಏರು ಬಂದರೆ ಏದುಸಿರು ಬಿಡುತ್ತದೆ, ಹೊಗೆ ಕಾರುತ್ತದೆ. ದಸರಾದ ಹೊತ್ತಿಗೆ ನಂದಗಡದವನು ಮೊದಲ ಸಲ ನೋಡಲು ಬಂದಾಗ ಇದೇ ಗಾಡಿ ಒಂದೇ ಹೊಡೆತಕ್ಕೆ ಎದ್ದು, ಊರು ಸುತ್ತಿಸಿಕೊಂಡು ಬಂದಿತ್ತು. ಆಮೇಲೆ ಶೆಡ್ ಬಿಟ್ಟು ಕದಲಿರಲಿಲ್ಲ.

ಪಂಪಿನ ಹಿಂಬದಿಗೆ ಒಂದು ಸಣ್ಣ ಕರೆಂಟಿನ ಬಿರಡೆ ಇರುತ್ತದೆ. ಕೀಲಿ ಹಾಕಿದರೆ ಟಿಕ್ ಎಂದು ಡೀಸೆಲ್ಲಿನ ದಾರಿ ತೆರೆಯುತ್ತದೆ, ಕೀಲಿ ತೆಗೆದರೆ ಮುಚ್ಚುತ್ತದೆ. ವೈನಿಗೆ ಸೆಲ್ಫ್ ಹೊಡೆಯದೆ ಕೀಲಿಯನ್ನಷ್ಟೇ ಹಾಕಿ ತೆಗೆಯಲು ಹೇಳಿ ಕಿವಿಗೊಟ್ಟೆ. ಟಿಕ್ ಇಲ್ಲ. ಆ ಜಾಗ ಕಣ್ಣಿಗೆ ಕಾಣುವಂಥದ್ದಲ್ಲ, ಕೈಯೂ ಕಷ್ಟದಲ್ಲಿ ಹೋಗುತ್ತದೆ. ಫೋನಿನ ದೀಪ ಹಚ್ಚಿ, ಸಂದಿನಲ್ಲಿ ತೂರಿಸಿ ಒಂದು ಫೋಟೋ ತೆಗೆದು ನೋಡಿದೆ.

ಬಿರಡೆಯ ವಾಯರು ಬಿಚ್ಚಿತ್ತು. ತಾನಾಗಿ ಕಳಚಿದ್ದಲ್ಲ. ತುದಿಯನ್ನು ಹಿಂದಕ್ಕೆ ಮಡಿಚಿ, ಎಲ್ಲಿಯೂ ತಾಗಿ ಕಿಡಿ ಹಾರದಂತೆ ಟೇಪು ಸುತ್ತಿತ್ತು. ಟೇಪಿನ ತುದಿ ಹಲ್ಲಿನಿಂದ ಹರಿದದ್ದು. ಪಕ್ಕದಲ್ಲಿ, ಎಣ್ಣೆ ಒರೆಸಿ ಸ್ವಚ್ಛ ಮಾಡಿದ ಪಂಪಿನ ಮೈಮೇಲೆ, ಮೂರು ಬಿಳಿ ಗೆರೆ. ವಿಭೂತಿ.

ಇದು ನಮ್ಮ ಅಣ್ಣನದೊಂದು ಪದ್ಧತಿ. ಗಾಡಿಯ ಏನನ್ನೇ ಬಿಚ್ಚಲಿ, ಕೆಲಸ ಮುಗಿದ ಮೇಲೆ ಅದನ್ನು ಒರೆಸಿ, ಕೈ ತೊಳೆದು, ವಿಭೂತಿ ಗಟ್ಟಿಯ ಮೇಲೆ ಒದ್ದೆ ಬೆರಳು ತೀಡಿ ಮೂರು ಗೆರೆ ಎಳೆಯುತ್ತಿದ್ದ. "ಹೊಟ್ಟಿ ಬಿಚ್ಚೇವಿ, ತಪ್ಪಾತು ಅನ್ನಬೇಕ," ಎನ್ನುತ್ತಿದ್ದ. ಗ್ಯಾರೇಜಿನವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಇಂಜಿನ್ನಿಗೆ ಒಂದು ಲಿಂಗಾನೂ ಕಟ್ಟಿಬಿಡು ಎಂದು ಕಾಡಿಸಿದ್ದೇನೆ. ಅವನು ಎಳೆದ ಹಳೆಯ ಗೆರೆಗಳು ಆ ಇಂಜಿನ್ನಿನ ಮೇಲೆ ಎಷ್ಟಿವೆಯೋ, ಎಲ್ಲ ಎಣ್ಣೆ ಜಿಡ್ಡಿನ ಕೆಳಗೆ ಮುಚ್ಚಿಹೋಗಿವೆ. ಇದು ಮಾತ್ರ ಬೆಳ್ಳಗಿತ್ತು. ಫೋಟೋ ದೊಡ್ಡದು ಮಾಡಿ ನೋಡಿದೆ. ಬಲಗೈಯಲ್ಲಿ ಎಳೆದ ಗೆರೆ ಎಡಕ್ಕೆ ದಪ್ಪವಾಗಿ ಶುರುವಾಗಿ ಬಲಕ್ಕೆ ಸವೆಯುತ್ತದೆ. ಇವು ಬಲಕ್ಕೆ ಶುರುವಾಗಿ, ಎಡಕ್ಕೆ ನಡುಗುತ್ತ ಹೋಗಿ ಸವೆದಿದ್ದವು.

ಮೊದಲು ನನಗೆ ಸಿಟ್ಟೇ ಬಂತು. ರಜೆ ಹಾಳು, ಮಿಸ್ತ್ರಿಯ ದಗದ ಹಾಳು, ಪಂಪು ಬಿಚ್ಚಿದ್ದರೆ ಇನ್ನೇನೇನು ಹಾಳಾಗುತ್ತಿತ್ತೋ. ಆಮೇಲೆ, ಒಂದೇ ಕೈಯವನು ಆ ಬಾನೆಟ್ಟು ಎತ್ತಿ ಕೋಲು ಕೊಟ್ಟದ್ದು, ಎದೆ ಊರಿ ಬಗ್ಗಿ ಕಾಣದ ಜಾಗದಲ್ಲಿ ಬೆರಳಾಡಿಸಿದ್ದು, ವೈನಿ ಎಲ್ಲೋ ಹೋದ ಹೊತ್ತು ನೋಡಿ ದೇವರ ಜಗಲಿಯವರೆಗೆ ಕಾಲೆಳೆದುಕೊಂಡು ಹೋಗಿ ಬಂದದ್ದು, ಎಲ್ಲ ಕಣ್ಣಿಗೆ ಕಟ್ಟಿತು. ಬೇಡ ಎನ್ನುವ ಮಾತು ಅವನ ಬಾಯಲ್ಲಿ ಇರಲಿಲ್ಲ. ಕೈಯಲ್ಲಿ ಹೇಳಿದ್ದ. ಹೇಳಿದ್ದಕ್ಕೆ ಗಾಡಿಯ ಹತ್ತಿರ ತಪ್ಪಾಯಿತು ಅಂತಲೂ ಅಂದಿದ್ದ. ಬಾನೆಟ್ಟಿನ ಕೆಳಗೆ ತಲೆ ತೂರಿಸಿಕೊಂಡೇ ಅತ್ತುಬಿಟ್ಟೆ.

"ಏನಾತ್ರಿ?" ಎಂದು ವೈನಿ ಸೀಟಿನಿಂದ ಕೇಳಿದರು.

"ಇನ್ನೂ ಗೊತ್ತಾಗವಲ್ದು," ಎಂದೆ. "ನೀವು ಇಳೀರಿ. ಒಂದೀಟು ಚಹಾ ಮಾಡ್ರಿ."

ಅವರು ಅಡುಗೆಮನೆಗೆ ಹೋದ ಮೇಲೆ ಕೈ ಒರೆಸಿಕೊಂಡು ಅಣ್ಣನ ಕಾಟಿನ ತುದಿಗೆ ಕುಳಿತೆ. ಫೋನು ಅವನ ಮುಂದೆ ಹಿಡಿದೆ. ನೋಡಿದ. ಕಿವಿ ಕೆಂಪಾದವು. ಮುಖ ಕಿಟಕಿಯ ಕಡೆ ತಿರುಗಿಸಿದ. ನಾನು ಕೂಗಲಿಲ್ಲ, ಲಕ್ವಾ ಹೊಡೆಯುವ ಮೊದಲು ಹೇಗೆ ಮಾತಾಡುತ್ತಿದ್ದೆನೋ ಹಾಗೆ ಮಾತಾಡಿದೆ.

"ಯಾಕ ಮಾರಾಕತ್ತೇವಿ ಅಂತ ನಿನಗ ಯಾರೂ ಹೇಳಿಲ್ಲ. ಹೇಳಬೇಕಿತ್ತು. ಆ ಜಾಗಾದಾಗ ನಿನಗ ಬಚ್ಚಲಾ ಕಟ್ಟಾಕ. ಮೆಟ್ಟಲಾ ಇಳಿಯೂದು ಬ್ಯಾಡ ಅಂತ. ವೈನಿ ಸೊಂಟ ಹೋಗೈತಿ ಅಣ್ಣಾ. ನಿನ್ನ ಮುಂದ ಹೇಳಂಗಿಲ್ಲ ಅವರು. ನಿನ್ನ ಎತ್ತಿ ಕುಂದರಿಸಿ ಹೋಗಿ, ಒಳಗ ಗ್ವಾಡಿ ಹಿಡಕೊಂಡು ನಿಂದರ್ತಾರ."

ಅವನು ಅಡುಗೆಮನೆಯ ಬಾಗಿಲ ಕಡೆ ನೋಡಿದ. ಒಳಗೆ ಸ್ಟೀಲಿನ ಲೋಟಗಳ ಸಪ್ಪಳ. ಕಣ್ಣಿನಲ್ಲಿ ನೀರು ತುಂಬಿ ಬಲಗೆನ್ನೆಯ ಮೇಲೆ ಇಳಿಯಿತು, ಆ ಕೆನ್ನೆಗೆ ಅದು ತಿಳಿಯಲಿಲ್ಲವೋ ಏನೋ, ಒರೆಸಿಕೊಳ್ಳಲಿಲ್ಲ.

"ಗಾಡಿ ನಿಂದು," ಎಂದೆ. "ಆ ವಾಯರ್ ನಾ ಮುಟ್ಟಿಲ್ಲ, ಮುಟ್ಟಂಗೂ ಇಲ್ಲ. ನಾಳೆ ಅವರು ಬಂದಾಗ ಚಾಲೂ ಆತು, ಒಯ್ಯಲಿ. ಆಗಲಿಲ್ಲ, ಪಂಪ್ ಸತ್ತೈತಿ ಅಂತ ನಾನ ಹೇಳಿ ಕಳಸ್ತೀನಿ. ವೈನಿಗೂ ಹೇಳಂಗಿಲ್ಲ."

ಅವನು ಗೋಡೆಯ ಕಡೆ ಹೊರಳಿ ಮಲಗಿದ. ಚಹಾ ಕುಡಿದು, ನಾಳೆ ಮತ್ತೊಮ್ಮೆ ನೋಡುತ್ತೇನೆ ಎಂದು ವೈನಿಗೆ ಹೇಳಿ ಹೊರಟೆ. ಹೋಗುವಾಗ ಬಾನೆಟ್ಟನ್ನು ಚಿಲಕ ಬೀಳದಂತೆ ಸುಮ್ಮನೆ ಇಳಿಬಿಟ್ಟೆ.

ಅನಗೋಳಕ್ಕೆ ಬಂದು ಮಲಗಿದರೆ ನಿದ್ದೆ ಹತ್ತಲಿಲ್ಲ. ದೊಡ್ಡಸ್ತಿಕೆಯಿಂದ ನಿನ್ನದೇ ನಿರ್ಧಾರ ಎಂದು ಬಂದಿದ್ದೆ. ಅದು ಎಂಥ ನಿರ್ಧಾರ? ಒಂದು ಕಡೆ ಅವನು ಹಿಡಿದುಕೊಂಡು ನಡೆಯುವ ಆಸರೆ, ಇನ್ನೊಂದು ಕಡೆ ಹೆಂಡತಿಯ ಸೊಂಟ. ಹೇಳದೇ ಇದ್ದಿದ್ದರೆ ಕನಿಷ್ಠ ನಮ್ಮ ಮೇಲೆ ಸಿಟ್ಟಾದರೂ ಮಾಡಿಕೊಂಡು ಇರುತ್ತಿದ್ದ.

ರವಿವಾರ ಬೆಳಿಗ್ಗೆ ನಂದಗಡದವನು ನನಗಿಂತ ಮೊದಲೇ ಬಂದಿದ್ದ. ಸಂತೆಗಳಿಗೆ ಕಾಯಿಪಲ್ಲೆ ಹೊಡೆಯುವವನು, ಕನ್ನಡ ಮರಾಠಿ ಕಲಸಿ ಮಾತಾಡುವ ಒಳ್ಳೆಯ ಮನುಷ್ಯ. "ಪಂಪ್ ಖರಾಬ್ ಝಾಲಾ ಅಂತಲ್ರಿ," ಎಂದು ನಕ್ಕ. ಅಣ್ಣ ಕಿಟಕಿಯಲ್ಲಿ ಇರಲಿಲ್ಲ. ಕೀಲಿ ತೆಗೆದುಕೊಂಡು ಸೀಟಿನಲ್ಲಿ ಕುಳಿತೆ. ಇಷ್ಟು ವರ್ಷ ಮಷೀನುಗಳ ಜೊತೆ ಬದುಕಿದವನು, ಇದು ಚಾಲೂ ಆಗದಿರಲಿ ಎಂದು ದೇವರನ್ನು ಬೇಡಿಕೊಂಡದ್ದು ಅದೇ ಮೊದಲು.

ಕೀಲಿ ಅರ್ಧ ತಿರುಗಿಸಿದೆ. ಟಿಕ್ ಎಂದಿತು.

ಬೇರೆ ಯಾರಿಗೂ ಅದು ಕೇಳಿಸಲಿಲ್ಲ. ಸೆಲ್ಫ್ ಹೊಡೆದೆ. ಒಂದೆರಡು ಸಲ ಕೆಮ್ಮಿ, ಶೆಡ್ ತುಂಬ ಬಿಳಿ ಹೊಗೆ ಎಬ್ಬಿಸಿ ಗಾಡಿ ಎದ್ದಿತು. ವೈನಿ ಹೊಗೆಯಲ್ಲೇ ನನಗೆ ಕೈ ಮುಗಿದು, "ಪುಣ್ಯಾ ಕಟಗೊಂಡ್ರಿ ನೋಡ್ರಿ," ಎಂದರು. ಬಾನೆಟ್ಟು ನೋಡುವ ನೆಪದಲ್ಲಿ ಮತ್ತೆ ಫೋನು ತೂರಿಸಿ ಫೋಟೋ ತೆಗೆದೆ. ವಾಯರು ತನ್ನ ಜಾಗದಲ್ಲಿತ್ತು. ಹಿಂದಿನ ಗೆರೆಗಳ ಮೇಲೇ, ಇನ್ನೂ ಒದ್ದೆಯಾಗಿದ್ದ ಮೂರು ಗೆರೆ, ಬಲದಿಂದ ಎಡಕ್ಕೆ.

ಗಾಡಿ ಓಣಿಗೆ ಹಿಂದಕ್ಕೇ ಬರಬೇಕು. ಒಂದು ಬದಿ ಗೋಡೆ, ಇನ್ನೊಂದು ಬದಿ ಕರೆಂಟಿನ ಕಂಬ. ಹಿಂದೆ ಯಾರಾದರೂ ನಿಲ್ಲಿ ಎಂದು ನಂದಗಡದವನು ಕೂಗಿದ. ನಾನು ಹೋಗುವಷ್ಟರಲ್ಲಿ ಅಣ್ಣ ಅಲ್ಲಿದ್ದ. ಅದ್ಯಾವಾಗ ಹೊರಗೆ ಬಂದನೋ, ಒಗೆಯುತ್ತಿದ್ದ ಆ ಕೋಲನ್ನು ಊರಿಕೊಂಡು ಓಣಿಯ ನಡುವೆ ನಿಂತಿದ್ದ. ಕೋಲನ್ನು ಕಂಬಕ್ಕೆ ಒರಗಿಸಿ, ತಾನೂ ಅದಕ್ಕೇ ಹೆಗಲು ಆನಿಸಿ ಎಡಗೈ ಎತ್ತಿದ.

"ಬರ್ಲಿ," ಎಂದ. "ಬರ್ಲಿ, ಬರ್ಲಿ, ಬರ್ಲಿ."

ಗಾಡಿ ಬಂತು. ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆರು ತಿಂಗಳಲ್ಲಿ ಮೊದಲ ಸಲ ಅವನು ಆಡಿದ ಮಾತಿನಂತೆಯೇ ನಡೆದಿತ್ತು. ಕಂಬಕ್ಕೆ ಗೇಣು ಉಳಿದಾಗ ನಿಲ್ಲು ಎನ್ನಲು ಅವನಲ್ಲಿ ಮಾತಿರಲಿಲ್ಲ. ಅಂಗೈಯಿಂದ ಬಾಡಿಯ ಮೇಲೆ ಒಂದು ಏಟು ಹಾಕಿದ. ಗಾಡಿ ನಿಂತಿತು, ಅದರ ಮೂತಿ ಈಗ ರಸ್ತೆಯ ಕಡೆಗಿತ್ತು. ಅವನು ಕೈ ತೆಗೆಯಲಿಲ್ಲ. ನಂದಗಡದವನು ಕನ್ನಡಿಯಲ್ಲಿ ನೋಡುತ್ತ ಕಾದ. ಹಂಚು ತುಂಬಿದ ಮೇಲೆ ಇನ್ನು ಹೊರಡು ಎಂದು ತಟ್ಟುವ ಹಾಗೆ, ಅಣ್ಣ ಎರಡು ಸಲ ತಟ್ಟಿದ.

ಮುಂದಿನ ವಾರ ನಾನು ಕಾರ್ಖಾನೆಯಲ್ಲಿ ಪೈಪು ಬಾಗಿಸಿ, ಅಣ್ಣ ಹಿಡಿದು ನಡೆಯಲೆಂದು ಒಂದು ಕೈಹಿಡಿ ಮಾಡಿಕೊಂಡು ಹೋಗಿ, ಅವನ ಸೊಂಟದೆತ್ತರಕ್ಕೆ ಮನೆಯ ಗೋಡೆಗೆ ಕೂರಿಸಿದೆ. ಚೆನ್ನಾಗಿಯೇ ಮಾಡಿದ್ದೆ. ಎಲ್ಲಿಯೂ ಕೈಗೆ ತರಚದಂತೆ ಉಜ್ಜಿ ನುಣುಪು ಮಾಡಿದ್ದೆ. ಗೌಂಡಿ ಗುದ್ದಲಿ ಬುಟ್ಟಿ ಸಮೇತ ಬಂದು ಅಗೆಯಲು ಶುರು ಮಾಡಬೇಕು ಎನ್ನುವಷ್ಟರಲ್ಲಿ ಅಣ್ಣ ಹೊರಗೆ ಬಂದ. ನಾನು ಅವನ ಎಡಗೈ ಹಿಡಿದು ಪೈಪಿನ ಮೇಲೆ ಇಟ್ಟೆ. ಮೆಲ್ಲಗೆ ಬಿಡಿಸಿಕೊಂಡ.

ಶೆಡ್ಡಿನ ನೆಲದ ಮೇಲೆ ಎಣ್ಣೆಯ ಕಲೆ, ನಾಲ್ಕು ಗಾಲಿ ನಿಂತ ಗುರುತು. ಅದರ ಅಂಚಿಗೆ ಹೋಗಿ ನಿಂತ. ಎಡಗೈಯನ್ನು ಸೊಂಟದೆತ್ತರಕ್ಕೆ ಗಾಳಿಯಲ್ಲಿ ಚಾಚಿದ. ಏನನ್ನೂ ಹಿಡಿಯದೆ, ಓಲಾಡುತ್ತ, ಬಲಗಾಲು ಎಳೆಯುತ್ತ, ಗಾಡಿ ಇದ್ದಾಗ ಅದರ ಸುತ್ತ ಹೇಗೋ ಹಾಗೆಯೇ ನಡೆಯತೊಡಗಿದ. ಹಿಡಿಯಲು ಮುಂದಾದ ವೈನಿಯನ್ನು ನಾನು ತಡೆದೆ. ಗೌಂಡಿ ಗುದ್ದಲಿ ಕೆಳಗಿಟ್ಟು ಗೋಡೆಗೆ ಸರಿದು ನಿಂತ. ಕನ್ನಡಿ ಇದ್ದ ಜಾಗಕ್ಕೆ ಬಂದಾಗ ಅಣ್ಣ ತಲೆಯನ್ನು ಆಚೆ ವಾಲಿಸಿ ದಾಟಿದ.